ಕಡಲಿಗೆ ಮೊದಲು ಆವನಿ

ರಜೆ ಬಂತೆಂದರೆ ಮಕ್ಕಳಿಗೆ ನೇತ್ರಾಣಿಯೇ ಬೇಕು: ಮುರುಡೇಶ್ವರದಿಂದ ದೋಣಿ, ಸ್ನಾರ್ಕೆಲಿಂಗ್, ಬಣ್ಣದ ಮೀನು. ಖಂಡಿತ ಹೋಗಲಿ. ಅದಕ್ಕೂ ಮೊದಲು ನಮ್ಮ ಮುಳಬಾಗಿಲು ತಾಲ್ಲೂಕಿನ ಆವನಿಗೆ ಒಂದು ದಿನ ಕೊಡಿ. ಒಂದೇ ಪ್ರಾಕಾರದೊಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಶಿವಾಲಯಗಳು. 10ನೇ ಶತಮಾನದ ನೊಳಂಬರ ಕಾಲದವು. ಲಕ್ಷ್ಮಣೇಶ್ವರನ ಹೊರಗೋಡೆಯ ಮುಂದೆ ಅವಸರ ಬೇಡ, ಅರ್ಧಕಂಬಗಳ ನಡುವಿನ ಒಂದೊಂದು ಶಿಲ್ಪವನ್ನೂ ಮಕ್ಕಳು ಕಣ್ತುಂಬ ನೋಡಲಿ. ಎಷ್ಟು ಚೆಂದದ ಕೆಲಸ ಅದು!

ಆಮೇಲೆ ಬೆಟ್ಟ. ಸೀತಮ್ಮ ಲವಕುಶರನ್ನು ಹೆತ್ತದ್ದು ಇಲ್ಲೇ ಅಂತ ಊರಿನವರ ನಂಬಿಕೆ. ಬಂಡೆ ಕಾಯುತ್ತದೆ, ಬಿಸಿಲೇರುವ ಮುಂಚೆಯೇ ಹತ್ತಿ, ಕುಡಿಯುವ ನೀರು ಜೊತೆಗಿರಲಿ. ಅಜ್ಜಿ ಬಂದಿದ್ದರೆ ಕಥೆಯನ್ನು ಅವರ ಬಾಯಲ್ಲೇ ಹೇಳಿಸಿ. ಗೈಡ್ ಯಾಕೆ ಬೇಕು?