ನೌಕಾಪಡೆಯ ನಮ್ಮ ಭಾವ

ಡಿಸೆಂಬರ್ 4 ನೌಕಾಪಡೆಯ ದಿನ. 1971ರಲ್ಲಿ ಅದೇ ದಿನ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ನಡೆಸಿದ ದಾಳಿಯ ನೆನಪಿಗಾಗಿ ಇದನ್ನು ಆಚರಿಸುತ್ತಾರೆ. ಭಾವ ಇದ್ದಷ್ಟು ವರ್ಷವೂ ಆ ದಿನ ಬೆಳಗ್ಗೆ ನಾನು ಅವರ ಮನೆಗೆ ಹೋಗಿ ಕೈ ಕುಲುಕಿ, ಒಂದು ಲೋಟ ಚಾ ಕುಡಿದು ಬರುವುದು ರೂಢಿಯಾಗಿತ್ತು. 2023ರ ಮಳೆಗಾಲದಲ್ಲಿ, ತಮ್ಮ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಬಂಧುಗಳು ಹೇಳುತ್ತಲೇ ಇದ್ದರು. ನಾನು ಮುಂದೂಡುತ್ತ ಬಂದೆ. ಬರೆದರೆ ನನ್ನದೊಂದು ತಪ್ಪನ್ನೂ ಬರೆಯಬೇಕಾಗುತ್ತದೆ ಎಂಬುದೇ ಅದಕ್ಕೆ ಕಾರಣ.

ಅವರು ನನಗೆ ಎರಡು ಬಗೆಯಲ್ಲಿ ಭಾವ. ಸೋದರತ್ತೆಯ ಮಗನಾದ್ದರಿಂದ ಹುಟ್ಟಿನಿಂದಲೇ ಭಾವ. 1976ರಲ್ಲಿ ನನ್ನ ಅಕ್ಕನ ಕೈಹಿಡಿದ ಮೇಲೆ ಮತ್ತೊಮ್ಮೆ ಭಾವ. ಕುಮಟಾ ಸೀಮೆಯ ನಮ್ಮ ಊರಿನಿಂದ ಹದಿನೆಂಟನೆಯ ವಯಸ್ಸಿಗೆ, 1967ರಲ್ಲಿ, ನೌಕಾಪಡೆ ಸೇರಿದರು. ತರಬೇತಿ ಲೋಣಾವಳಾದ ಐ.ಎನ್.ಎಸ್. ಶಿವಾಜಿಯಲ್ಲಿ. ಹೆಸರು ಕೇಳಿದರೆ ಹಡಗೆನ್ನಿಸಿದರೂ ಅದು ಘಟ್ಟದ ಮೇಲಿನ ಶಾಲೆ. ಹಡಗಿನ ಯಂತ್ರಗಳ ವಿದ್ಯೆಯನ್ನು ಅಲ್ಲಿ ಕಲಿಸುತ್ತಾರೆ. ಸಮುದ್ರದ ದಡದಲ್ಲಿ ಹುಟ್ಟಿದ ತನಗೆ ಹಡಗಿನ ವಿದ್ಯೆ ಕಲಿಸಲು ಗುಡ್ಡಕ್ಕೆ ಕಳಿಸಿದರೆಂದು ಭಾವ ನಗುತ್ತಿದ್ದರು.

1971ರಲ್ಲಿ ಅವರು ವಿಮಾನವಾಹಕ ನೌಕೆ ವಿಕ್ರಾಂತದ ಬಾಯ್ಲರ್ ಕೋಣೆಯಲ್ಲಿದ್ದರು. ಆಗ ನನಗೆ ಹನ್ನೊಂದು ವರ್ಷ. ಅತ್ತೆಗೆ ಓದು ಬರಹ ಬಾರದು. ಮುಂಬೈಯ ಫ್ಲೀಟ್ ಮೇಲ್ ಆಫೀಸಿನ ಮುದ್ರೆ ಹೊತ್ತ ಇನ್‌ಲ್ಯಾಂಡ್ ಪತ್ರಗಳನ್ನು ಓದಿ ಹೇಳುವುದು ನನ್ನ ಪಾಲಿನ ಕೆಲಸ. "ನಾನು ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇನೆ. ಹಣ ಕಳಿಸಿದ್ದೇನೆ." ಇಷ್ಟೇ ಇರುತ್ತಿತ್ತು. ಅತ್ತೆ "ಇನ್ನೊಮ್ಮೆ ಓದು" ಎನ್ನುವರು. ನಾನು ಅದೇ ಮೂರು ಸಾಲುಗಳನ್ನು ಮತ್ತೆ ಓದುವೆ. ಡಿಸೆಂಬರ್ 9ರ ರಾತ್ರಿ ಐ.ಎನ್.ಎಸ್. ಖುಕ್ರಿ ಮುಳುಗಿ 18 ಅಧಿಕಾರಿಗಳೂ 176 ನಾವಿಕರೂ ಜಲಸಮಾಧಿಯಾದರೆಂಬ ಸುದ್ದಿ ತಿಳಿದಾಗ, ಮಗನ ಹಡಗು ಬೇರೆಯದೆಂದು ಎಲ್ಲರೂ ಹೇಳಿದರೂ ಅತ್ತೆ ಎರಡು ದಿನ ಊಟ ಮಾಡಲಿಲ್ಲ.

ವಿಕ್ರಾಂತವು ಆ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿತ್ತು. ಅದರ ವಿಮಾನಗಳು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಬಂದರುಗಳ ಮೇಲೆ ಎರಗಿದ ಕಥೆ ಪುಸ್ತಕಗಳಲ್ಲಿದೆ. ಭಾವ ಹೇಳುತ್ತಿದ್ದುದು ಬೇರೆ ಕಥೆ. ಯುದ್ಧಕ್ಕೆ ಒಂದು ವರ್ಷ ಮೊದಲೇ ಬಾಯ್ಲರುಗಳ ನೀರಿನ ಡ್ರಮ್ಮಿನಲ್ಲಿ ಬಿರುಕುಗಳು ಕಂಡಿದ್ದವು. ಬೆಸುಗೆ ಹಾಕಿ ಸರಿಪಡಿಸುವಂತಿರಲಿಲ್ಲ. ಪೂರ್ಣ ವೇಗವಿಲ್ಲದ ಆ ಹಡಗನ್ನೇ ಯುದ್ಧಕ್ಕೆ ಒಯ್ದರು. ಮೇಲೆ ವಿಮಾನಗಳು ಏರಿಳಿಯುವಾಗ ಕೆಳಗೆ ಇವರು ಬೆವರಿನಲ್ಲಿ ತೋಯ್ದು ಉಗಿಯ ಒತ್ತಡದ ಮುಳ್ಳನ್ನೇ ನೋಡುತ್ತ ನಿಂತಿರುತ್ತಿದ್ದರು. "ಯುದ್ಧ ಹೇಗಿತ್ತು ಭಾವ?" ಎಂದು ಕೇಳಿದರೆ, "ನಾನು ನೋಡಲಿಲ್ಲ ಮಾಸ್ತರೇ, ನಾನು ಮುಳ್ಳನ್ನು ನೋಡುತ್ತಿದ್ದೆ" ಎನ್ನುವರು.

ಬಾಯ್ಲರ್ ಕೋಣೆಯಲ್ಲಿ ಮಾತು ಕೇಳುವುದಿಲ್ಲ. ಗಾಳಿ ದೂಡುವ ಯಂತ್ರಗಳ ಮೊರೆತದ ನಡುವೆ ಕೈಸನ್ನೆಯಲ್ಲೋ ಕಿವಿಗೆ ಬಾಯಿಟ್ಟು ಕೂಗಿಯೋ ವ್ಯವಹರಿಸಬೇಕು. ಪಂಪು ಸರಿಯಿದೆಯೇ ಎಂದು ತಿಳಿಯಲು ಅದರ ಮೈಮೇಲೆ ಅಂಗೈ ಇಡುತ್ತಿದ್ದರಂತೆ. ಈ ಅಭ್ಯಾಸ ಕೊನೆಯವರೆಗೂ ಉಳಿಯಿತು. ಊರಿನಲ್ಲಿ ಯಾರ ತೋಟದ ಪಂಪು ಕೆಟ್ಟರೂ ಅವರನ್ನು ಕರೆಯುತ್ತಿದ್ದರು. ಅವರು ಅಂಗೈ ಇಟ್ಟು ಕಣ್ಣು ಮುಚ್ಚಿ, "ಬೇರಿಂಗ್ ಹೋಗಿದೆ" ಎಂದರೆ ಅದು ಹೋಗಿರುತ್ತಿತ್ತು.

ಇಪ್ಪತ್ತೆರಡು ವರ್ಷ ಸೇವೆ ಮಾಡಿ, ಚೀಫ್ ಪೆಟ್ಟಿ ಆಫೀಸರ್ ಆಗಿ 1989ರಲ್ಲಿ ಮನೆಗೆ ಬಂದರು. ಆಗ ಮಗನಿಗೆ ಹನ್ನೊಂದು, ಮಗಳಿಗೆ ಎಂಟು ವರ್ಷ. ಕೊಚ್ಚಿಯ ಕ್ವಾರ್ಟರ್ಸಿನಲ್ಲಿ ಕಳೆದ ಎರಡು ವರ್ಷ ಬಿಟ್ಟರೆ ಮಕ್ಕಳು ತಂದೆಯನ್ನು ಕಂಡದ್ದು ರಜೆಯಲ್ಲಿ ಮಾತ್ರ. ಕಳೆದುಹೋದ ವರ್ಷಗಳನ್ನು ತುಂಬಿಕೊಡಬೇಕೆಂದು ಅವರು ಮಾಡಿದ ಪ್ರಯತ್ನ ನೋಡುವಂತಿತ್ತು. ಮಕ್ಕಳ ಸಮವಸ್ತ್ರಕ್ಕೆ ಇಸ್ತ್ರಿ, ಬೂಟಿಗೆ ಪಾಲಿಶ್, ಪುಸ್ತಕಗಳಿಗೆ ಹೊದಿಕೆ, ಎಲ್ಲವೂ ಅವರದೇ. ರವಿವಾರದ ಮೀನುಸಾರು ಅವರ ಕೈಯಡುಗೆ. ಹಗಲು ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದರು. ಆದರೆ ಮಾತು ಕಡಿಮೆ. ಏನು ಕೇಳಿದರೂ ಒಂದು ನಗೆ, "ಆಯ್ತು, ಅಮ್ಮನಿಗೆ ಹೇಳು" ಎಂಬ ಒಂದೇ ಉತ್ತರ. ಹಡಗಿನವರು ಹೀಗೆಯೇ, ಮನೆಯ ವಿಷಯ ಮನಸ್ಸಿಗೆ ಹತ್ತುವುದಿಲ್ಲ ಎಂದು ನಾವೆಲ್ಲ ತೀರ್ಮಾನಿಸಿದ್ದೆವು.

1997ರಲ್ಲಿ ಮಗಳು ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಅಂಕಗಳೊಂದಿಗೆ ಉತ್ತೀರ್ಣಳಾದಳು. ಧಾರವಾಡಕ್ಕೆ ಹೋಗಿ ವಿಜ್ಞಾನ ಓದಬೇಕೆಂಬುದು ಅವಳ ಆಸೆ. ಅವಳದು ಮೊದಲಿನಿಂದಲೂ ಮೆಲುದನಿ. ಮಳೆ ಹೆಂಚಿನ ಮೇಲೆ ಬಡಿಯುತ್ತಿದ್ದ ಜೂನ್ ತಿಂಗಳ ಸಂಜೆಗಳಲ್ಲಿ, ಜಗಲಿಯಲ್ಲಿ ಕುಳಿತ ತಂದೆಯ ಬೆನ್ನ ಹಿಂದೆ ಬಾಗಿಲಲ್ಲಿ ನಿಂತು ಮೂರು ಸಲ ಕೇಳಿದಳಂತೆ. ಒಮ್ಮೆ "ಆಯ್ತು, ಅಮ್ಮನಿಗೆ ಹೇಳು" ಎಂದರು. ಇನ್ನೊಮ್ಮೆ ಬರಿದೇ ತಲೆದೂಗಿದರು. ಮೂರನೆಯ ಸಲ ತಿರುಗಿಯೂ ನೋಡಲಿಲ್ಲ. ಅಮ್ಮನಿಗೆ ಹೇಳಿದರೆ "ಅಪ್ಪನನ್ನು ಕೇಳು" ಎನ್ನುವಳು. ಅರ್ಜಿಯ ದಿನ ಕಳೆಯಿತು. ಹುಡುಗಿ ಊರ ಹತ್ತಿರದ ಕಾಲೇಜಿನಲ್ಲಿ ವಾಣಿಜ್ಯ ವಿಭಾಗಕ್ಕೆ ಸೇರಿದಳು.

ಜುಲೈಯಲ್ಲಿ ಅವಳು ನನ್ನೆದುರು ಅತ್ತಾಗ ನನಗೆ ವಿಷಯ ತಿಳಿಯಿತು. ಸಿಟ್ಟಿನಲ್ಲಿ ಸೀದಾ ಹೋದೆ. "ಇಪ್ಪತ್ತೆರಡು ವರ್ಷ ಸರಕಾರದ ಹಡಗನ್ನು ಕಾದಿರಿ. ಹೆತ್ತ ಮಗಳ ಒಂದು ಮಾತಿಗೆ ಕಿವಿಗೊಡಲು ನಿಮಗೆ ಪುರುಸೊತ್ತಿಲ್ಲ" ಎಂದೆ. ಇನ್ನೂ ಏನೇನೋ ಅಂದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ಸಣ್ಣಗೆ ನಕ್ಕು, "ಚಾ ಕುಡಿದು ಹೋಗಿ ಮಾಸ್ತರೇ" ಎಂದರು. ಅದನ್ನು ನಾನು ಉದ್ಧಟತನವೆಂದು ತಿಳಿದೆ. ದೀಪಾವಳಿಯವರೆಗೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಸತ್ಯ ಹೊರಬಿದ್ದದ್ದು ಏಳು ವರ್ಷಗಳ ಅನಂತರ. 2003ರಲ್ಲಿ ಮಾಜಿ ಸೈನಿಕರಿಗಾಗಿ ಕೇಂದ್ರದ ಆರೋಗ್ಯ ಯೋಜನೆ ಬಂತು. ಮರುವರ್ಷ ಅದರಲ್ಲಿ ತಪಾಸಣೆಗೆ ಹೋಗುವಾಗ ಜೊತೆಗೆ ನನ್ನನ್ನು ಕರೆದರು. ಅಲ್ಲಿ ಶ್ರವಣ ಪರೀಕ್ಷೆ ಮಾಡಿ ಒಂದು ನಕ್ಷೆ ಕೊಟ್ಟರು. ಎಡಭಾಗದಲ್ಲಿ, ಅಂದರೆ ತಗ್ಗು ಸ್ವರಗಳಲ್ಲಿ, ಗೆರೆ ಸಾಕಷ್ಟು ಚೆನ್ನಾಗಿತ್ತು. ಮೂರು ಸಾವಿರ ಹರ್ಟ್ಸ್ ಸಮೀಪಿಸುತ್ತಿದ್ದಂತೆ ಘಟ್ಟದ ಅಂಚಿನಂತೆ ಕೆಳಗೆ ಬಿದ್ದಿತ್ತು. ದೀರ್ಘಕಾಲ ಯಂತ್ರಗಳ ಸದ್ದಿನಲ್ಲಿ ದುಡಿದವರ ಒಳಕಿವಿಯಲ್ಲಿ ಮೊದಲು ಸಾಯುವುದು ಎತ್ತರದ ಸ್ವರಗಳನ್ನು ಹಿಡಿಯುವ ಸೂಕ್ಷ್ಮ ಕೇಶಕೋಶಗಳು. ಅವು ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಅಂಥವರಿಗೆ ಬಸ್ಸಿನ ಸದ್ದು, ಗುಡುಗು, ಗಂಡಸಿನ ದಪ್ಪ ದನಿ ಕೇಳುತ್ತದೆ. ಸ, ಶ, ತ, ಕ ಮುಂತಾದ ವ್ಯಂಜನಗಳು ಜಾರಿಹೋಗುತ್ತವೆ. ಮಕ್ಕಳ ಮತ್ತು ಹೆಣ್ಣುಮಕ್ಕಳ ಮೆಲುದನಿ, ಅದರಲ್ಲೂ ಮಳೆಯ ಸದ್ದಿನ ನಡುವೆ, ಅರ್ಥವಿಲ್ಲದ ಗೊಣಗಾಗುತ್ತದೆ. ನೋಡುವವರಿಗೆ "ಬೇಕಾದದ್ದು ಮಾತ್ರ ಕೇಳುತ್ತದೆ" ಎನ್ನಿಸುತ್ತದೆ. ಅಕ್ಕನದು ದೊಡ್ಡ ದನಿ. ಮಗನ ಗಂಟಲು ಒಡೆದಿತ್ತು. ಮನೆಯಲ್ಲಿ ಅವರಿಗೆ ಕೇಳಿಸದೆ ಹೋದದ್ದು ಮಗಳು ಮಾತ್ರ.

ಪ್ರತಿ ವರ್ಷ ಒಂಬತ್ತನೆಯ ತರಗತಿಯಲ್ಲಿ 'ಶಬ್ದ' ಪಾಠ ಮಾಡಿದವನು ನಾನು. ಮನುಷ್ಯನ ಕಿವಿಗೆ 20ರಿಂದ 20,000 ಹರ್ಟ್ಸ್ ಎಂದು ಕಪ್ಪುಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದೆ. ನಿಮ್ಮಲ್ಲಿ ಬಹಳ ಮಂದಿಗೆ ಅದು ನೆನಪಿರಬಹುದು. ಆ ಗೆರೆ ನನ್ನ ಅಕ್ಕನ ಮನೆಯ ಜಗಲಿಯವರೆಗೂ ಹೋಗುತ್ತದೆಂದು ನನಗೆ ಹೊಳೆಯಲಿಲ್ಲ.

ಮರಳುವಾಗ ಬಸ್ಸಿನಲ್ಲಿ ಅವರ ಕಿವಿಯ ಬಳಿ ಬಾಗಿ, "ಇಷ್ಟು ವರ್ಷ ಯಾಕೆ ಹೇಳಲಿಲ್ಲ ಭಾವ?" ಎಂದು ಕೇಳಿದೆ.

"ಕಿವಿ ಕೇಳದವನ ಕೈಗೆ ಬಾಯ್ಲರ್ ಯಾರು ಕೊಡುತ್ತಾರೆ ಮಾಸ್ತರೇ? ಇಬ್ಬರು ಮಕ್ಕಳು ಓದುತ್ತಿದ್ದರು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಮಳೆಗಾಲದಲ್ಲಿ ನೀವು ಬಂದು ಬೈದಿರಲ್ಲ, ಏನೆಂದು ಬೈದಿರಿ? ಸಿಟ್ಟು ಬಂದಿದೆ ಎಂದಷ್ಟೇ ಗೊತ್ತಾಯಿತು" ಎಂದು ಕೇಳಿದರು.

ಹೇಳಲೇಬೇಕಾಯಿತು. ಧಾರವಾಡದ ವಿಷಯ ಹೇಳಿದೆ. "ಮೂರು ಸಲ ಕೇಳಿದ್ದಳೇ?" ಎಂದರು. ನಮ್ಮ ನಿಲ್ದಾಣ ಬರುವವರೆಗೆ ಮತ್ತೆ ಮಾತಾಡಲಿಲ್ಲ.

ಅಂದು ಸಂಜೆ ತಂದೆ ಮಗಳು ಜಗಲಿಯಲ್ಲಿ ಬಹಳ ಹೊತ್ತು ಕುಳಿತಿದ್ದರೆಂದು ಅಕ್ಕ ಹೇಳಿದಳು. ಏನು ಮಾತಾಡಿಕೊಂಡರೆಂದು ನಾನು ಕೇಳಲಿಲ್ಲ. ಅವಳು ಇಂದು ಲೆಕ್ಕಪತ್ರದ ಕೆಲಸದಲ್ಲಿ ಚೆನ್ನಾಗಿಯೇ ಇದ್ದಾಳೆ. ಆದರೆ ಓದಬೇಕೆಂದದ್ದನ್ನು ಅವಳು ಓದಲಿಲ್ಲ. ಅದನ್ನು ಯಾವ ಸಮಾಧಾನದ ಮಾತೂ ತುಂಬಿಕೊಡದು.

ಶ್ರವಣ ಯಂತ್ರ ಬಂದ ಮೇಲೆ ಭಾವ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರೆಂದಲ್ಲ. ಯಂತ್ರವು ಸದ್ದನ್ನು ದೊಡ್ಡದು ಮಾಡುತ್ತದೆ, ಸತ್ತ ಕೋಶವನ್ನು ಬದುಕಿಸುವುದಿಲ್ಲ. ಆದರೆ ಒಂದು ಬದಲಾವಣೆಯಾಯಿತು. ಮಗಳು ಮಾತಾಡಿದರೆ ಎದ್ದು ಅವಳ ಎದುರಿಗೆ ಬಂದು ಕುಳಿತು, "ತಂಗೀ, ಇನ್ನೊಮ್ಮೆ ಹೇಳು" ಎನ್ನತೊಡಗಿದರು. ಇಷ್ಟು ವರ್ಷ ನಾಚಿಕೆಯಿಂದ ಹೇಳದೆ ಉಳಿದ ಮಾತು ಅದೊಂದೇ.

2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಹೊಸ ವಿಕ್ರಾಂತ ಸೇವೆಗೆ ಸೇರಿದ್ದನ್ನು ನಾವಿಬ್ಬರೂ ದೂರದರ್ಶನದಲ್ಲಿ ನೋಡಿದೆವು. ಅದರಲ್ಲಿ ಬಾಯ್ಲರುಗಳಿಲ್ಲ, ಗ್ಯಾಸ್ ಟರ್ಬೈನುಗಳು ಎಂದು ಹೇಳಿದೆ. "ಹುಡುಗರಿಗೆ ಸೆಕೆ ಕಡಿಮೆ" ಎಂದು ಸಂತೋಷಪಟ್ಟರು. ಆಮೇಲೆ, "ಕಿವಿಗೆ ಮುಚ್ಚಳ ಹಾಕಿಕೊಳ್ಳುತ್ತಾರೋ ಇಲ್ಲವೋ" ಎಂದರು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಅಧ್ಯಾಪಕರು, ಎಲ್ಲರೂ ಯಾರದೋ ಮಕ್ಕಳು, ಹಲವರು ತಂದೆತಾಯಿಗಳು. ಕರೆದರೆ ಓಗೊಡದ ಹುಡುಗನನ್ನು ದಡ್ಡನೆಂದೋ, ಮಾತಿಗೆ ತಿರುಗದ ಹಿರಿಯರನ್ನು ಬಿಗುಮಾನದವರೆಂದೋ ತೀರ್ಮಾನಿಸುವ ಮುನ್ನ ಎದುರಿಗೆ ಹೋಗಿ ಇನ್ನೊಮ್ಮೆ ಹೇಳಿ. ಕಿವಿಯ ಪರೀಕ್ಷೆ ಮಾಡಿಸಿ. ಅದು ಅರ್ಧ ಗಂಟೆಯ ಕೆಲಸ. ನಾನು ಅದನ್ನು ಏಳು ವರ್ಷ ತಡವಾಗಿ ಮಾಡಿದೆ.