ಕಾಕಾರ ರಿವಾಲ್ವರು

ಭಾಲ್ಕಿಯ ನಮ್ಮ ಕಾಕಾರವರಲ್ಲಿ ಲೈಸೆನ್ಸು ಇದ್ದಿತು. ಹಳೆಯ ರಿವಾಲ್ವರೊಂದು ಕ್ರಯಕ್ಕೆ ಸಿಕ್ಕಿತು. 1959ರ ಆಯುಧ ಕಾಯಿದೆಯಂತೆ ಮಾರುವವರು ಅಧಿಕಾರಿಗಳಿಗೆ ತಿಳಿಸಿ 45 ದಿನ ಕಾಯಬೇಕು, ಕಾದೆವು. ಬೀದರಿನಿಂದ ಅದನ್ನು ತಂದ ದಿನ ಕಾಕಾರ ನಡಿಗೆಯೇ ಬದಲಾಯಿತು. ಜೊತೆಗಿದ್ದ ನನಗೂ ಮೀಸೆ ಮೂಡಿದಂತಾಯಿತು!

ಒಂದಿರುಳು ಔರಾದ ಕಡೆಯ ಹೊಲದಲ್ಲಿ, ತೊಗರಿಯ ಸಾಲಿನೊಳಗೆ ಸದ್ದು. "ಹಂದಿ!" ಎಂದೆ ನಾನು. ಕಾಕಾ ರಿವಾಲ್ವರು ಎತ್ತಿದರು.

"ನಾನ್ರೀ, ಮಾಲಕ್ರ!" ಕಾವಲಿನ ಮುದುಕ.

ಕಾಕಾ ನಡುಗುವ ಕೈಯಿಂದ ಗುಂಡುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡರು. ದಾರಿಯುದ್ದಕ್ಕೂ ಮಾತಿಲ್ಲ. "ಹಂದಿ" ಎಂದವನು ನಾನಲ್ಲವೆ?

ಚುನಾವಣೆ ಬಂದಿತು. ಆಯುಧವನ್ನು ಠಾಣೆಗೆ ಒಪ್ಪಿಸಿ ಬರುವಾಗ ಕಾಕಾ, "ಸೊಂಟ ಹಗುರಾಯ್ತು ನೋಡಪಾ" ಎಂದರು. ನನ್ನ ಎದೆಯೂ ಹಗುರಾಗಿದ್ದಿತು. ಈಗ ಹೊಲಕ್ಕೆ ಹೋಗುವಾಗ ನಮ್ಮ ಕೈಯಲ್ಲಿ ಬ್ಯಾಟರಿ ಮಾತ್ರ; ಮೊದಲು ಕೂಗುತ್ತೇವೆ: "ಯಾರದು?"