ಡೇರಿ ಚೀಟಿ

ಬೆಳಗ್ಗೆ ಆರೂವರೆಗೆ ನಮ್ಮೂರ ಡೇರಿ ಮುಂದೆ ನಿಂತರೆ ಮನೆಮನೆಯ ಕಷ್ಟಸುಖ ತಿಳಿಯುತ್ತದೆ. ವಿಶ್ವೇಶ್ವರಯ್ಯ ನಾಲೆ ಪಾಂಡವಪುರದ ಕಡೆ ಗದ್ದೆ ನೆನೆಸಿಕೊಂಡು ಹೋಗುತ್ತದೆ. ಆದಿಚುಂಚನಗಿರಿ ಬೆಟ್ಟದ ಈ ಸುತ್ತಿನಲ್ಲಿ ಹೆಚ್ಚಿನ ಹೊಲಕ್ಕೆ ಮಳೆಯೇ ಗತಿ. ರಾಗಿ, ಹುರುಳಿ, ನಾಲ್ಕು ತೆಂಗಿನಮರ. ಸಂತೆ ಖರ್ಚು ತೂಗಿಸುವುದು ಹಾಲು.

ಮೊನ್ನೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಸ್ಟೀಲ್ ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು. ಹಾಲು ಅಳೆದು ಕೊಟ್ಟ ಚೀಟಿಯನ್ನು ಅಲ್ಲೇ ಓದಿದಳು.

“ಅಣ್ಣ, ನೆನ್ನೆಗಿಂತ ಫ್ಯಾಟ್ ಕಮ್ಮಿ ಐತಲ್ಲ?”

“ಹಿಂಡಿ ಹಾಕ್ಲಿಲ್ವೇನವ್ವ?”

“ಮುಗ್ದೋಯ್ತು. ಬಟವಾಡೆ ಆದ್ಮೇಲೆ ತರೋಣ ಅಂದ್ಲು ನಮ್ಮವ್ವ. ನನ್ ನೋಟ್‌ಬುಕ್ಕೂ ಆಮೇಲೇ.”

ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು ಹೊರಟಳು. ಆ ಮುಖದಲ್ಲಿ ಬೇಸರವಿರಲಿಲ್ಲ. ಹಿಂಡಿ ಮೊದಲೋ ನೋಟ್‌ಬುಕ್ಕು ಮೊದಲೋ ಅನ್ನುವ ಮಾತಿನಲ್ಲಿ ಅವಳನ್ನೂ ಸೇರಿಸಿಕೊಂಡಿದ್ದರು, ಅಷ್ಟೆ.

ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ಕೊಬ್ಬರಿ ರೇಟು ಬಿದ್ದ ಒಂದು ವರ್ಷ ಅಪ್ಪ ನಮಗೆ ಏನೂ ಹೇಳಲಿಲ್ಲ. ಯುಗಾದಿಗೆ ಹೊಸ ಬಟ್ಟೆ ತಂದರು. ಬಣ್ಣ ಚೆನ್ನಾಗಿಲ್ಲ ಅಂತ ನಾನು ಹಠ ಹಿಡಿದು ಊಟ ಬಿಟ್ಟೆ. ಆ ಬಟ್ಟೆಗಾಗಿ ಅವ್ವನ ಓಲೆ ಗಿರವಿಗೆ ಹೋಗಿತ್ತು ಅನ್ನುವುದು ತಿಳಿದಾಗ ನಾನು ಕಾಲೇಜಿನಲ್ಲಿದ್ದೆ. ಒಂದು ಮಾತು ಹೇಳಿದ್ದರೆ ಹಳೇ ಅಂಗಿಯಲ್ಲೇ ಹಬ್ಬ ಮಾಡುತ್ತಿದ್ದೆ. ಅದು ಇವತ್ತಿಗೂ ಚುಚ್ಚುತ್ತದೆ.

ಹಾಗಂತ ಬಡತನವನ್ನು ಹೊಗಳಲಾರೆ. ಪಕ್ಕದ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯವರಾದ ಕೆ.ಎಸ್. ನರಸಿಂಹಸ್ವಾಮಿ ಓದು ಅರ್ಧಕ್ಕೆ ಬಿಟ್ಟು ಸರ್ಕಾರಿ ಕಚೇರಿ ಸೇರಿದರು. 1942ರಲ್ಲಿ ‘ಮೈಸೂರು ಮಲ್ಲಿಗೆ’ ಕೊಟ್ಟರು. ಅವರ ಹೆಸರು ಹೇಳಿ ‘ಕಷ್ಟ ಒಳ್ಳೆಯದೇ’ ಅನ್ನುವವರಿದ್ದಾರೆ. ಓದು ಬಿಟ್ಟು ದನದ ಹಿಂದೆ ಹೋದ, ಯಾರಿಗೂ ಹೆಸರು ಗೊತ್ತಿಲ್ಲದ ಹುಡುಗರ ಲೆಕ್ಕ ಯಾರು ಇಟ್ಟರು? 1974ರಲ್ಲಿ ಆದಿಚುಂಚನಗಿರಿ ಮಠದ ಪೀಠಕ್ಕೆ ಬಂದ ಬಾಲಗಂಗಾಧರನಾಥ ಸ್ವಾಮೀಜಿ ಶಾಲೆ, ಹಾಸ್ಟೆಲ್ಲು ಕಟ್ಟಿಸುತ್ತ ಹೋದರು. ಅಂಥ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ಉಂಡು ಓದಿದರು. ಮಗು ಹಾಲು ಹಾಕಿ ಬರಲಿ. ಶಾಲೆಯ ಗಂಟೆ ಹೊತ್ತಿಗೆ ಬೆಂಚಿನ ಮೇಲಿರಲಿ.

ಇವತ್ತು ರಾತ್ರಿ ಉಂಡಾದ ಮೇಲೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಡೇರಿ ಪುಸ್ತಕ ತೆಗೆಯಿರಿ. ಸಾಲಗಾರರ ಹೆದರಿಕೆ ಅವರಿಗೆ ಬೇಡ. ಎಷ್ಟು ಬಂತು, ಎಷ್ಟು ಹೋಯಿತು, ಅಷ್ಟು ತೋರಿಸಿ.